ಬೀದಿನಾಯಿ ನಿಯಂತ್ರಣದಿಂದ ಸಾಕುನಾಯಿ ಪರವಾನಗಿವರೆಗೆ: ನಿಮ್ಮ ಊರಿನ ಪುರಸಭೆ ಮಾಡಬೇಕಾದ್ದೇನು, ಹೇಗೆ?

ಪುರಸಭೆಯ ಸಾಮಾನ್ಯ ಸಭೆಯಲ್ಲಿ ‘ಬೀದಿನಾಯಿ ಹಾವಳಿ’ ಚರ್ಚೆಗೆ ಬರದ ವರ್ಷವೇ ಇಲ್ಲ. ಸದಸ್ಯರು ದನಿ ಏರಿಸುತ್ತಾರೆ, ಅಧಿಕಾರಿಗಳು ‘ಕ್ರಮ ಕೈಗೊಳ್ಳಲಾಗುವುದು’ ಎನ್ನುತ್ತಾರೆ. ಮರುವಾರ ಒಂದು ವ್ಯಾನ್ ಬಂದು ಜೋರಾಗಿ ದೂರಿದವರ ಬೀದಿಯಿಂದ ನಾಲ್ಕಾರು ನಾಯಿಗಳನ್ನು ಹಿಡಿದುಕೊಂಡು ಹೋಗುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಬೀದಿಯ ಚರಂಡಿ ಪಕ್ಕ ಹೊಸ ಮರಿಗಳು ಕಣ್ಣು ಬಿಟ್ಟಿರುತ್ತವೆ. 2024ರಲ್ಲಿ ಕರ್ನಾಟಕದಲ್ಲಿ ವರದಿಯಾದ ನಾಯಿ ಕಡಿತದ ಪ್ರಕರಣಗಳು ಸುಮಾರು 3.6 ಲಕ್ಷ, ರೇಬಿಸ್‌ನಿಂದ ಸತ್ತವರು 42 ಮಂದಿ. ಲಸಿಕೆಯಿಂದ ಪೂರ್ತಿಯಾಗಿ ತಡೆಯಬಹುದಾದ ರೋಗಕ್ಕೆ ಒಂದು ಸಾವೂ ಹೆಚ್ಚೇ.

ದೂರಿನ ಹಿಂದೆ ಓಡುವ ಆಡಳಿತಕ್ಕೆ ನಾಯಿಗಳ ಸಂಖ್ಯೆ ಎಂದೂ ಹತೋಟಿಗೆ ಬರುವುದಿಲ್ಲ. ಬೀದಿಯಿಂದ ಬೀದಿಗೆ, ನಡುವೆ ಕೈಬಿಡದೆ, ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವ ಆಡಳಿತಕ್ಕೆ ಬರುತ್ತದೆ. ಅಂಥ ವ್ಯವಸ್ಥೆಯನ್ನು ಕರ್ನಾಟಕದ ಒಂದು ಪಟ್ಟಣ ಅಥವಾ ನಗರ ಹೇಗೆ ಕಟ್ಟಿಕೊಳ್ಳಬಹುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಪುರಸಭೆ ಸದಸ್ಯರಿಗೆ, ಅಧಿಕಾರಿಗಳಿಗೆ, ಬಡಾವಣೆಯ ಸಂಘದವರಿಗೆ, ನಾಯಿಗೆ ದಿನಾ ಅನ್ನ ಹಾಕುವವರಿಗೆ, ಮನೆಯಲ್ಲಿ ನಾಯಿ ಸಾಕಿದವರಿಗೆ, ಎಲ್ಲರಿಗೂ ಇದರಲ್ಲಿ ಕೆಲಸವಿದೆ.

ಹಂತ 1: ಹೊಣೆ ಯಾರದೆಂದು ಖಚಿತಪಡಿಸಿಕೊಳ್ಳಿ

‘ಅದು ಪಶುಪಾಲನಾ ಇಲಾಖೆಯ ಕೆಲಸ’ ಎಂದು ಪುರಸಭೆ, ‘ಅದು ಪುರಸಭೆಯ ಕೆಲಸ’ ಎಂದು ಇಲಾಖೆ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಕಾನೂನಿನಲ್ಲಿ ಈ ಗೊಂದಲವಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಮಾಡಿತು. ಅವುಗಳ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬಂದವು. ಇವುಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು, ಸಾಕುನಾಯಿಯ ಲಸಿಕೆ ಮತ್ತು ಆರೈಕೆಯ ಹೊಣೆ ಸಾಕಿದವರದು. ಸ್ಥಳೀಯ ಸಂಸ್ಥೆ ಎಂದರೆ ಮಹಾನಗರ ಪಾಲಿಕೆ ಮಾತ್ರ ಅಲ್ಲ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳೂ ಇದರೊಳಗೆ ಬರುತ್ತವೆ.

ಬೆಂಗಳೂರಿನವರಿಗೆ ಒಂದು ಮಾತು. ಬಿಬಿಎಂಪಿ ಈಗಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ, ಅಲ್ಲಿನ ಪಶುಪಾಲನಾ ವಿಭಾಗದ ಅಧಿಕಾರಿ ಯಾರು ಎಂದು ಮೊದಲು ತಿಳಿದುಕೊಳ್ಳಿ. ಹಳೆಯ ವಲಯ ಕಚೇರಿಗೆ ಅರ್ಜಿ ಹಾಕಿ ಕಾಯುತ್ತ ಕೂತರೆ ದಿನ ಹಾಳು. ಸಹಾಯವಾಣಿ 1533 ಇದೆ.

ಹಂತ 2: ಸಮಿತಿ ರಚಿಸಿ, ಆದರೆ ಒಬ್ಬರನ್ನು ಹೊಣೆ ಮಾಡಿ

ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಸಂತಾನ ನಿಯಂತ್ರಣ ಉಸ್ತುವಾರಿ ಸಮಿತಿ ಇರಬೇಕೆಂದು 2023ರ ನಿಯಮ ಹೇಳುತ್ತದೆ. ಆಯುಕ್ತರು ಅಥವಾ ಮುಖ್ಯಾಧಿಕಾರಿ ಇದರ ಅಧ್ಯಕ್ಷರು. ಆರೋಗ್ಯ ಇಲಾಖೆ, ಪಶುಪಾಲನಾ ಇಲಾಖೆ, ಪ್ರಾಣಿ ದಯಾ ಸಂಘ, ಪ್ರಾಣಿ ಕಲ್ಯಾಣ ಸಂಸ್ಥೆಗಳ ಪ್ರತಿನಿಧಿಗಳು ಮತ್ತು ಒಬ್ಬ ಪಶುವೈದ್ಯರು ಸದಸ್ಯರು. ಎಷ್ಟೋ ಪಟ್ಟಣಗಳಲ್ಲಿ ಈ ಸಮಿತಿ ಕಡತದಲ್ಲಷ್ಟೇ ಬದುಕಿದೆ. ಅದು ಪ್ರತಿ ತಿಂಗಳು ಸೇರುವಂತೆ ಮಾಡುವುದೇ ಊರಿನವರು ಹಾಕಬಹುದಾದ ಅತ್ಯಂತ ಪರಿಣಾಮಕಾರಿ ಒತ್ತಡ. ‘ಕಳೆದ ಸಭೆಯ ನಡಾವಳಿ ಕೊಡಿ’ ಎಂದು ಕೇಳಿ. ನಡಾವಳಿ ಇಲ್ಲದಿದ್ದರೆ ಸಭೆ ಆಗಿಲ್ಲ ಎಂದೇ ಲೆಕ್ಕ.

ಸಮಿತಿ ಬೇಕು, ಆದರೆ ಬೆಳಿಗ್ಗೆ ಆರಕ್ಕೆ ವ್ಯಾನ್ ಹೊರಟಿತೇ ಎಂದು ನೋಡುವುದು ಸಮಿತಿಯಿಂದ ಆಗುವುದಿಲ್ಲ. ಅದಕ್ಕೆ ಒಬ್ಬ ವ್ಯಕ್ತಿ ಬೇಕು. ದೊಡ್ಡ ಪಾಲಿಕೆಯಲ್ಲಿ ಪಶುಪಾಲನಾ ವಿಭಾಗದ ಸಹಾಯಕ ನಿರ್ದೇಶಕರು ಇದನ್ನು ನೋಡಿಕೊಳ್ಳುತ್ತಾರೆ. ಸಣ್ಣ ಪಟ್ಟಣದಲ್ಲಿ ಹಿರಿಯ ಆರೋಗ್ಯ ನಿರೀಕ್ಷಕರಿಗೆ ಲಿಖಿತ ಆದೇಶದಲ್ಲಿ ಹೊಣೆ ವಹಿಸಿ. ಅವರ ಕಚೇರಿ ದೂರವಾಣಿ ಸಂಖ್ಯೆಯನ್ನು ಪುರಸಭೆಯ ಫಲಕದ ಮೇಲೆ ಬರೆಸಿ. ಕಸ, ನೀರು, ತೆರಿಗೆ ಎಲ್ಲದರ ಜೊತೆಗೆ ‘ನಾಯಿಯನ್ನೂ ನೋಡಿಕೊಳ್ಳಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನೋಡಿಕೊಳ್ಳುವುದಿಲ್ಲ.

ಹಂತ 3: ಎಣಿಸಿ

ಎಷ್ಟು ನಾಯಿಗಳಿವೆ ಎಂದು ತಿಳಿಯದೆ ಟೆಂಡರ್ ಕರೆಯುವುದು ಹಣ ಪೋಲು ಮಾಡುವ ಸುಲಭ ದಾರಿ. ಬೆಂಗಳೂರಿನಲ್ಲಿ 2019ರ ಎಣಿಕೆಯ ಪ್ರಕಾರ ಸುಮಾರು 3.1 ಲಕ್ಷ ಬೀದಿನಾಯಿಗಳಿದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಗಳ ಪ್ರಮಾಣ ಇದೇ ಅವಧಿಯಲ್ಲಿ ಸುಮಾರು ಶೇ 51ರಿಂದ ಶೇ 72ರ ಹತ್ತಿರಕ್ಕೆ ಏರಿತು. ಇಳಿಕೆ ನಿಧಾನದ್ದು, ಆದರೆ ದಿಕ್ಕು ಸರಿಯಾದದ್ದು. ಆ ಎಣಿಕೆಯಲ್ಲಿ ಇನ್ನೊಂದು ಪಾಠವಿದೆ. ಹೊಸ ಬಡಾವಣೆಗಳು, ಖಾಲಿ ನಿವೇಶನಗಳು, ಕಟ್ಟಡ ಕಾಮಗಾರಿಗಳು ತುಂಬಿದ ಮಹದೇವಪುರ ವಲಯದಲ್ಲಿ ನಾಯಿಗಳು ಅತಿ ಹೆಚ್ಚು, ಹಳೆಯ ಪಶ್ಚಿಮ ವಲಯದಲ್ಲಿ ಅತಿ ಕಡಿಮೆ. ಊರು ಬೆಳೆಯುತ್ತಿರುವ ಅಂಚಿನಲ್ಲೇ ನಾಯಿಗಳೂ ಹೆಚ್ಚುತ್ತವೆ. ಸರಾಸರಿ ಅಂಕಿಯೊಂದನ್ನೇ ನೋಡಿದರೆ ಇದು ಕಾಣದೆ ಹೋಗುತ್ತದೆ.

ಸಣ್ಣ ಪಟ್ಟಣಕ್ಕೆ ದುಬಾರಿ ಸಮೀಕ್ಷೆ ಬೇಡ. ಇಬ್ಬಿಬ್ಬರ ತಂಡಗಳು ಬೆಳಿಗ್ಗೆ ಬೆಳಕಾಗುವ ಹೊತ್ತಿಗೆ, ಅಂಗಡಿ ತೆರೆಯುವ ಮೊದಲು, ವಾರ್ಡಿನ ಪ್ರತಿ ಬೀದಿಯಲ್ಲೂ ಬೈಕಿನಲ್ಲಿ ನಿಧಾನವಾಗಿ ಸಾಗಬೇಕು. ಕಂಡ ನಾಯಿಯ ಫೋಟೊ ತೆಗೆದು ಜಾಗ ಗುರುತಿಸಬೇಕು. ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ, ಹಾಲೂಡಿಸುತ್ತಿದೆಯೋ, ಕಿವಿಯಲ್ಲಿ ಶಸ್ತ್ರಚಿಕಿತ್ಸೆಯ ಗುರುತಿದೆಯೋ ಎಂದು ಬರೆದುಕೊಳ್ಳಬೇಕು. ಮರುದಿನ ಅದೇ ದಾರಿಯಲ್ಲಿ ಮತ್ತೆ ಹೋಗಿ, ಮೊದಲ ದಿನ ಕಂಡ ನಾಯಿಗಳಲ್ಲಿ ಎಷ್ಟು ಮತ್ತೆ ಕಂಡವು ಎಂದು ಹೋಲಿಸಿದರೆ, ಕಣ್ಣಿಗೆ ಬೀಳದೆ ಉಳಿದವೆಷ್ಟು ಎಂಬ ಅಂದಾಜು ಸಿಗುತ್ತದೆ. ಊರಿನ ಕಾಲೇಜು ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮಾಡಬಲ್ಲರು.

ಹಂತ 4: ಶಸ್ತ್ರಚಿಕಿತ್ಸಾ ಕೇಂದ್ರದ ಗಾತ್ರ ಲೆಕ್ಕ ಹಾಕಿ, ಆಮೇಲೆ ಟೆಂಡರ್

ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇ 70ರಷ್ಟಕ್ಕೆ ಕಡಿಮೆ ಅವಧಿಯಲ್ಲಿ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದರಷ್ಟೇ ಫಲ ಕಾಣುತ್ತದೆ. ಹೆಣ್ಣುನಾಯಿಯ ಗರ್ಭಾವಧಿ ಎರಡು ತಿಂಗಳ ಆಸುಪಾಸು, ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಹೀಗಾಗಿ ಅರ್ಧಂಬರ್ಧ ಕೆಲಸದ ಫಲ ಒಂದೇ ಹಂಗಾಮಿನಲ್ಲಿ ಅಳಿಸಿಹೋಗುತ್ತದೆ.

ಉದಾಹರಣೆಗೆ ನಿಮ್ಮ ಊರಿನಲ್ಲಿ 4,000 ನಾಯಿಗಳಿವೆ ಎನ್ನಿ. ಶೇ 70 ಎಂದರೆ 2,800. ದಿನಕ್ಕೆ 15ರಂತೆ ತಿಂಗಳಿಗೆ 22 ದಿನ ಕೆಲಸ ನಡೆದರೆ ತಿಂಗಳಿಗೆ 330, ಗುರಿ ಮುಟ್ಟಲು ಎಂಟೂವರೆ ತಿಂಗಳು. ದಿನಕ್ಕೆ ಐದೇ ಆದರೆ ಎರಡು ವರ್ಷ ದಾಟುತ್ತದೆ, ಅಷ್ಟರಲ್ಲಿ ಹುಟ್ಟಿದ ಮರಿಗಳು ಲೆಕ್ಕವನ್ನು ಹಿಂದಕ್ಕೆ ತಳ್ಳಿರುತ್ತವೆ. ದಿನಕ್ಕೆ 15 ನಾಯಿ ಬಂದು, ಪ್ರತಿಯೊಂದೂ ಐದಾರು ದಿನ ಉಳಿಯುವುದಾದರೆ 75ರಿಂದ 90 ಗೂಡು ಬೇಕು. ಇಪ್ಪತ್ತು ಗೂಡು ಕಟ್ಟಿ ‘ಕೇಂದ್ರ ಉದ್ಘಾಟನೆ’ ಎಂದು ಫೋಟೊ ತೆಗೆಸಿಕೊಂಡರೆ, ಗಾಯ ಒಣಗುವ ಮೊದಲೇ ನಾಯಿಯನ್ನು ಬೀದಿಗೆ ಬಿಡಬೇಕಾಗುತ್ತದೆ. ಹೊಲಿಗೆ ಬಿಚ್ಚಿಕೊಂಡು ನರಳುವ ನಾಯಿಯನ್ನು ಕಂಡ ಬೀದಿಯವರು ಮುಂದಿನ ಸಲ ವ್ಯಾನ್‌ಗೆ ಅಡ್ಡ ನಿಲ್ಲುತ್ತಾರೆ. ಅವರು ಹಾಗೆ ನಿಲ್ಲುವುದು ತಪ್ಪೂ ಅಲ್ಲ.

ನಾಲ್ಕೈದು ಸಣ್ಣ ಪಟ್ಟಣಗಳು, ಸುತ್ತಲ ಗ್ರಾಮ ಪಂಚಾಯಿತಿಗಳು ಸೇರಿ ಒಂದೇ ಕೇಂದ್ರ ಹಂಚಿಕೊಳ್ಳುವುದು ಜಾಣತನ. ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ಇದನ್ನು ಹೊಂದಿಸಬಹುದು. ಕೇಂದ್ರ ಸರ್ಕಾರದ ಪರಿಷ್ಕೃತ ಯೋಜನೆಯಲ್ಲಿ ನಾಯಿಯೊಂದಕ್ಕೆ 800 ರೂಪಾಯಿ, ಬೆಕ್ಕೊಂದಕ್ಕೆ 600 ರೂಪಾಯಿ ನೆರವಿದೆ. ಉಳಿದದ್ದನ್ನು ಸ್ವಂತ ಬಜೆಟ್ಟಿನಲ್ಲಿ ತೆಗೆದಿಡಬೇಕು.

ಕೆಲಸ ವಹಿಸಿಕೊಳ್ಳುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಇರಲೇಬೇಕು. ಮಾನ್ಯತೆ ಇಲ್ಲದವರಿಗೆ ‘ಕಡಿಮೆ ದರ’ ಎಂದು ಕೊಟ್ಟರೆ ಅದು ನಿಯಮಬಾಹಿರ. ಕರಾರಿನಲ್ಲಿ ಎರಡು ಅಂಶ ಬಿಡಬೇಡಿ. ಮೊದಲನೆಯದು, ಹಿಡಿದ ನಾಯಿಗೆ ಹಣವಿಲ್ಲ. ಶಸ್ತ್ರಚಿಕಿತ್ಸೆ, ಲಸಿಕೆ ಮುಗಿದು, ಹಿಡಿದ ಜಾಗದಲ್ಲೇ ಬಿಟ್ಟು, ದಾಖಲೆ ಒಪ್ಪಿಸಿದ ನಾಯಿಗಷ್ಟೇ ಹಣ. ತೆಗೆದ ಅಂಗಗಳನ್ನು ಎಣಿಸಿ ತಾಳೆ ನೋಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಎರಡನೆಯದು, ಕರಾರು ಮುಗಿಯುವ ಮೂರು ತಿಂಗಳ ಮೊದಲೇ ಮುಂದಿನ ಟೆಂಡರ್ ಕರೆಯಬೇಕು. ಹಳೆಯ ಕರಾರು ಮುಗಿದು ಹೊಸದು ಆರಂಭವಾಗುವ ನಡುವಿನ ತಿಂಗಳುಗಳಲ್ಲಿ ನಾಯಿಗಳ ಸಂಖ್ಯೆ ಮತ್ತೆ ಏರುತ್ತದೆ. ಈ ಒಂದು ನಿರ್ಲಕ್ಷ್ಯದಿಂದ ಆಗುವ ನಷ್ಟ ಬೇರೆಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 5: ಹಿಡಿಯುವುದು, ಶಸ್ತ್ರಚಿಕಿತ್ಸೆ, ಬಿಡುವುದು

ವಾರ್ಡನ್ನು ಪೂರ್ತಿ ಮುಗಿಸಿಯೇ ಪಕ್ಕದ ವಾರ್ಡಿಗೆ ಹೋಗಿ. ಹಿಡಿಯುವ ಮೊದಲು ಬೀದಿಯಲ್ಲಿ ತಿಳಿಸಿ: ಕಸದ ಗಾಡಿಯ ಧ್ವನಿವರ್ಧಕದಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅಂಗಡಿಯ ಗೋಡೆಯ ಮೇಲೆ. ‘ನಾಯಿಗಳನ್ನು ಕೊಂಡೊಯ್ದು ಎಲ್ಲೋ ಬಿಡುತ್ತಾರೆ, ಕೊಲ್ಲುತ್ತಾರೆ’ ಎಂಬ ಭಯ ಜನರಲ್ಲಿ ಇದ್ದೇ ಇರುತ್ತದೆ. ಅದನ್ನು ಮೊದಲೇ ಹೋಗಲಾಡಿಸಿದರೆ ಅನ್ನ ಹಾಕುವವರೇ ನಾಯಿಯನ್ನು ಕರೆದು ಹಿಡಿದುಕೊಡುತ್ತಾರೆ. ಅಪರಿಚಿತ ಕೈಗಳು ಅರ್ಧ ದಿನ ಬೆನ್ನಟ್ಟಿದರೂ ಸಿಗದ ನಾಯಿ, ದಿನಾ ಊಟ ಹಾಕುವವರ ಒಂದು ಕರೆಗೆ ಬಾಲ ಅಲ್ಲಾಡಿಸುತ್ತ ಬರುತ್ತದೆ.

ಬಲೆ, ಮೃದುವಾದ ಕುಣಿಕೆ ಅಥವಾ ಕೈಯಿಂದ ಹಿಡಿಯಬೇಕು. ಇಕ್ಕಳ, ತಂತಿ ಬಳಸುವಂತಿಲ್ಲ. ಆರು ತಿಂಗಳೊಳಗಿನ ಮರಿಗಳನ್ನೂ ಎಳೆಮರಿಗಳಿಗೆ ಹಾಲೂಡಿಸುತ್ತಿರುವ ತಾಯಿಯನ್ನೂ ಶಸ್ತ್ರಚಿಕಿತ್ಸೆಗೆಂದು ಹಿಡಿಯಬಾರದು. ಅವನ್ನು ಪಟ್ಟಿಯಲ್ಲಿ ಬರೆದಿಟ್ಟು, ಎರಡು ತಿಂಗಳ ಬಳಿಕ ತಾಯಿಗಾಗಿ ಮತ್ತೆ ಬರಬೇಕು. ಹಿಡಿದ ಕೂಡಲೇ ಕೊರಳಿಗೆ ಸಂಖ್ಯೆಯ ಪಟ್ಟಿ ಕಟ್ಟಿ, ಜಾಗ, ದಿನಾಂಕ, ವೇಳೆ ಬರೆಯಬೇಕು. ಶಸ್ತ್ರಚಿಕಿತ್ಸೆಯ ಜೊತೆಗೇ ರೇಬಿಸ್ ಲಸಿಕೆ, ಜಂತುಹುಳು ಔಷಧ, ಕಿವಿಯ ಗುರುತು. ಗಾಯ ಒಣಗಿದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು, ಅದರ ಜಾಗ, ಹೊತ್ತುಗಳನ್ನೂ ದಾಖಲಿಸಬೇಕು.

‘ಮತ್ತೆ ನಮ್ಮ ಬೀದಿಗೇ ಏಕೆ ತಂದುಬಿಡುತ್ತೀರಿ?’ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಬೀದಿಯಲ್ಲಿ ತಿನ್ನಲು ಸಿಗುವಷ್ಟು ದಿನ ಖಾಲಿಯಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ. ಹಾಗೆ ಬಂದವಕ್ಕೆ ಶಸ್ತ್ರಚಿಕಿತ್ಸೆಯೂ ಆಗಿರುವುದಿಲ್ಲ, ಲಸಿಕೆಯೂ ಇರುವುದಿಲ್ಲ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ನಾಯಿ ಹೆದರಿ ಹೆಚ್ಚು ಕಡಿಯುತ್ತದೆ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಊರೇ ನಡುಗಿತ್ತು. ಸಿಟ್ಟಿನಲ್ಲಿ ನಾಯಿಗಳನ್ನು ಸಾಮೂಹಿಕವಾಗಿ ಹಿಡಿದು ಕೊಲ್ಲಲಾಯಿತು. ಹನ್ನೆರಡು ವರ್ಷಗಳ ಬಳಿಕದ ಎಣಿಕೆ 3.1 ಲಕ್ಷ ಎಂದು ಹೇಳಿತು. ಆ ಮಕ್ಕಳ ಸಾವಿನ ನೋವಿಗೆ ಕೊಲ್ಲುವುದು ಉತ್ತರವಾಗಲಿಲ್ಲ.

ತಿನ್ನಲು ಸಿಗುವುದನ್ನು ನಿಲ್ಲಿಸುವುದು ಪುರಸಭೆಯ ಕೈಯಲ್ಲೇ ಇದೆ. ಕೋಳಿ, ಮಾಂಸದ ಅಂಗಡಿಗಳ ತ್ಯಾಜ್ಯ, ಕಲ್ಯಾಣ ಮಂಟಪದ ಎಂಜಲೆಲೆ, ಸಂತೆ ಮೈದಾನದ ಕಸ, ಖಾಲಿ ನಿವೇಶನದಲ್ಲಿ ಎಸೆದ ಚೀಲಗಳು, ಇವೇ ನಾಯಿಗುಂಪುಗಳ ಠಾವು. ಕೋಳಿ ಅಂಗಡಿಯ ವ್ಯಾಪಾರ ಪರವಾನಗಿ ನವೀಕರಿಸುವಾಗ ‘ತ್ಯಾಜ್ಯ ಯಾರಿಗೆ ಕೊಡುತ್ತೀರಿ, ರಸೀದಿ ತೋರಿಸಿ’ ಎಂದು ಕೇಳಿ. ಇದಕ್ಕೆ ಹೊಸ ಕಾನೂನು ಬೇಡ, ಮನಸ್ಸು ಸಾಕು.

ಹಂತ 6: ಕಡಿತ ಮತ್ತು ರೇಬಿಸ್

ಇಲ್ಲಿ ತಡವಾದರೆ ಜೀವ ಹೋಗುತ್ತದೆ, ಆದ್ದರಿಂದ ಮನೆಮನೆಗೂ ಗೊತ್ತಿರಬೇಕಾದ್ದನ್ನು ಮೊದಲು ಹೇಳುತ್ತೇನೆ. ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7, 28ನೇ ದಿನಗಳಲ್ಲಿ ನಾಲ್ಕು ಸಲ ಹಾಕಿಸಿಕೊಳ್ಳಬೇಕು. ಸ್ನಾಯುವಿಗೆ ಕೊಡುವುದಾದರೆ 14ನೇ ದಿನದ್ದೂ ಸೇರಿ ಐದು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಅದನ್ನು ಗಾಯದೊಳಕ್ಕೇ ಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಅಸಾಧ್ಯವೆಂದೇ ಹೇಳಬೇಕು.

ಪುರಸಭೆಯ ಪಾಲಿನ ಕೆಲಸ ಆಸ್ಪತ್ರೆಯಿಂದಲೇ ಶುರು. ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಿಂದ ಮನುಷ್ಯರ ರೇಬಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಆಸ್ಪತ್ರೆಯ ಕಡಿತದ ಪಟ್ಟಿ ದಿನವೂ ಪುರಸಭೆಯ ಹೊಣೆಗಾರ ಅಧಿಕಾರಿಗೆ ತಲುಪುವಂತೆ ಮಾಡಿ. ಒಂದೇ ಬೀದಿಯಿಂದ ಒಂದೇ ದಿನ ಮೂವರು ಬಂದರೆ ಅದು ಒಂದೇ ನಾಯಿಯ ಕೆಲಸವಾಗಿರಬಹುದು, ಆ ನಾಯಿಗೆ ರೇಬಿಸ್ ಇರಬಹುದು. ಈ ಸುದ್ದಿ ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲೇ ಉಳಿದರೆ ಮರುದಿನ ಇನ್ನೂ ನಾಲ್ವರು ಬರುತ್ತಾರೆ.

ಕಚ್ಚಿದ ನಾಯಿಯನ್ನು ಗುರುತಿಸಿ ಹತ್ತು ದಿನ ಗಮನಿಸಬೇಕು. ನಾಯಿ ಬದುಕಿದೆಯೇ ನೋಡೋಣ ಎಂದು ಮನುಷ್ಯರ ಲಸಿಕೆಯನ್ನು ಮಾತ್ರ ತಡಮಾಡಬಾರದು. ರೇಬಿಸ್ ಶಂಕೆಯಿದ್ದರೆ ನಾಯಿಯನ್ನು ಪ್ರತ್ಯೇಕ ಗೂಡಿನಲ್ಲಿಟ್ಟು ಪಶುವೈದ್ಯರ ನಿಗಾದಲ್ಲಿಡಬೇಕು. ರೋಗವಿದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಸತ್ತ ಮೇಲೆ ಮಿದುಳಿನ ಮಾದರಿ ಪರೀಕ್ಷೆಗೆ ಹೋಗಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ವರದಿಗೆ ಕಾಯದೆ ಸುತ್ತಲಿನ ಬೀದಿಗಳ ಎಲ್ಲ ನಾಯಿಗಳಿಗೂ ಲಸಿಕೆ ಹಾಕಿಸಿ, ಸಾಕಿದವೂ ಸೇರಿ.

ಇದು ಆಗದ ಮಾತಲ್ಲ ಎಂಬುದಕ್ಕೆ ನಮ್ಮ ನೆರೆಯ ಗೋವಾ ಸಾಕ್ಷಿ. ಮನೆಮನೆಗೆ, ಬೀದಿಬೀದಿಗೆ ಹೋಗಿ ಶೇ 70ರ ಗುರಿಯಿಟ್ಟು ಪ್ರತಿವರ್ಷ ನಾಯಿಗಳಿಗೆ ಲಸಿಕೆ ಹಾಕಿದ ಆ ರಾಜ್ಯ, ಮೂರು ವರ್ಷ ಮನುಷ್ಯರಲ್ಲಿ ಒಂದೂ ರೇಬಿಸ್ ಪ್ರಕರಣ ಕಾಣದೆ 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಕಾರವಾರದ ಗಡಿಯಾಚೆ ಆಗಿದ್ದು ಈಚೆಯೂ ಆಗಬೇಕು.

ಬೀದಿನಾಯಿ ಕಡಿತಕ್ಕೆ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಪರಿಹಾರ ಘೋಷಿಸಿದೆ: ಸಾವಿಗೆ 5 ಲಕ್ಷ ರೂಪಾಯಿ, ಗಾಯಕ್ಕೆ 5,000 ರೂಪಾಯಿ. ಹೊರರೋಗಿ ಚೀಟಿ, ಲಸಿಕೆ ಕಾರ್ಡ್, ಘಟನೆ ನಡೆದ ಜಾಗದ ವಿವರ ಜೋಪಾನವಾಗಿಟ್ಟುಕೊಂಡು ಸ್ಥಳೀಯ ಸಂಸ್ಥೆಯಲ್ಲಿ ಅರ್ಜಿ ಕೊಡಿ.

ಹಂತ 7: ಅನ್ನ ಹಾಕುವ ಜಾಗ, ಶಾಲೆ, ಆಸ್ಪತ್ರೆ

ನೆರೆಹೊರೆಯವರು ಮಾತು ಬಿಡುವಷ್ಟು ಜಗಳವಾಗುವುದು ಊಟದ ವಿಷಯಕ್ಕೇ. 2023ರ ನಿಯಮದಲ್ಲೇ ದಾರಿ ಇದೆ: ಮಕ್ಕಳು ಆಡುವ ಜಾಗ, ಮೆಟ್ಟಿಲು, ಕಟ್ಟಡದ ಬಾಗಿಲು, ಹಿರಿಯರು ಓಡಾಡುವ ಕಡೆ ಬಿಟ್ಟು ಬೇರೆಡೆ ಜಾಗ ಮತ್ತು ಹೊತ್ತು ಗೊತ್ತುಮಾಡಿ ಅಲ್ಲಿ ಮಾತ್ರ ಹಾಕಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಾರ್ಡಿನಲ್ಲೂ ಇಂಥ ಜಾಗ ಗುರುತಿಸಬೇಕೆಂದೂ ರಸ್ತೆಯಲ್ಲಿ ಎಲ್ಲೆಂದರಲ್ಲಿ ಹಾಕುವಂತಿಲ್ಲವೆಂದೂ ಹೇಳಿತು. ರೇಬಿಸ್ ಇರುವ, ಶಂಕಿತ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ, ಶಸ್ತ್ರಚಿಕಿತ್ಸೆಯ ನಂತರ ಹಿಡಿದಲ್ಲಿಗೇ ಬಿಡಬೇಕೆಂಬುದೂ ಅದೇ ಆದೇಶದಲ್ಲಿದೆ. ಜಾಗ ಗುರುತಿಸಿದ ಮೇಲೆ ಫಲಕ ಹಾಕಿ. ಅನ್ನ ಹಾಕುವವರ ಹೆಸರುಪಟ್ಟಿ ಮಾಡಿಕೊಂಡು ‘ನಿಮ್ಮ ಜಾಗದ ನಾಯಿಗಳಲ್ಲಿ ಯಾವುದಕ್ಕೆ ಲಸಿಕೆ ಬಾಕಿ?’ ಎಂದು ಕೇಳಿ. ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲ.

2025ರ ನವೆಂಬರ್ 7ರಂದು ನ್ಯಾಯಾಲಯ ಇನ್ನೊಂದು ಆದೇಶ ಕೊಟ್ಟಿತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡದೆ ಆಶ್ರಯ ತಾಣಗಳಲ್ಲಿ ಇರಿಸಬೇಕು, ಆವರಣಕ್ಕೆ ಬೇಲಿ, ಗೇಟು ಹಾಕಬೇಕು, ಪ್ರತಿ ಸಂಸ್ಥೆಯೂ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕು. ಹೀಗಾಗಿ ಪುರಸಭೆಯ ಪುಸ್ತಕದಲ್ಲಿ ಈಗ ಎರಡು ಪಟ್ಟಿ ಇರಬೇಕು: ಬೀದಿಗೆ ಮರಳುವ ನಾಯಿಗಳು, ಆಶ್ರಯದಲ್ಲಿ ಉಳಿಯುವ ನಾಯಿಗಳು. ಆಶ್ರಯವೆಂದರೆ ವರ್ಷಗಟ್ಟಲೆ ಊಟ, ಔಷಧ, ನೆರಳು, ಸಿಬ್ಬಂದಿ. ಅದರ ಖರ್ಚನ್ನು ಶಸ್ತ್ರಚಿಕಿತ್ಸೆಯ ಹಣದಿಂದ ಕಿತ್ತುಕೊಳ್ಳದೆ ಬೇರೆ ಲೆಕ್ಕಶೀರ್ಷಿಕೆಯಲ್ಲಿಡಿ.

ಹಂತ 8: ಸಾಕುನಾಯಿ ಪರವಾನಗಿ

ಸಾಕುನಾಯಿಗೂ ಬೀದಿನಾಯಿಗೂ ನಡುವೆ ಗೋಡೆ ಇಲ್ಲ. ಬೀದಿಯಲ್ಲಿ ಹುಟ್ಟಿದ ಎಷ್ಟೋ ಮರಿಗಳ ತಂದೆ ರಾತ್ರಿ ಹೊರಗೆ ಬಿಟ್ಟ ಮನೆನಾಯಿ. ಬಾಡಿಗೆ ಮನೆ ಬದಲಿಸುವಾಗ, ಮರಿ ಬೆಳೆದು ದೊಡ್ಡದಾದಾಗ ಬಿಟ್ಟುಹೋದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳು ಹೆದ್ದಾರಿ ಬದಿಯಲ್ಲಿ ಒಡೆಯನ ಕಾರಿಗಾಗಿ ಕಾಯುತ್ತವೆ. ಪರವಾನಗಿಯ ಅಗತ್ಯ ಇರುವುದು ಇಲ್ಲಿ. ನಾಯಿಗೊಬ್ಬ ಹೊಣೆಗಾರ ಇದ್ದಾನೆ, ಅದಕ್ಕೆ ಈ ವರ್ಷದ ಲಸಿಕೆ ಆಗಿದೆ ಎಂಬ ಎರಡು ಮಾತುಗಳನ್ನು ಪರವಾನಗಿ ದಾಖಲಿಸಬೇಕು. ಆದಾಯದ ಬಾಬತ್ತು ಎಂದು ನೋಡಿದ ಕೂಡಲೇ ಶುಲ್ಕ ಏರುತ್ತದೆ, ಜನ ನಾಯಿಯನ್ನು ಬಚ್ಚಿಡುತ್ತಾರೆ, ಪಟ್ಟಿ ಸುಳ್ಳಾಗುತ್ತದೆ.

ನಗರಾಡಳಿತ ಕಾಯ್ದೆಗಳಡಿ ಉಪವಿಧಿ ಮಾಡಿಕೊಂಡು ಪರವಾನಗಿ ನೀಡಬೇಕು. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಕೇಳಿ, ಅನುಮೋದನೆ ಪಡೆದು ಜಾರಿಗೆ ತರಬೇಕು. ಈ ಹಾದಿಯಲ್ಲಿ ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳಿವೆ. 2018ರಲ್ಲಿ ಬಿಬಿಎಂಪಿ ತಂದ ಉಪವಿಧಿಯಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ಮಿತಿಯಿತ್ತು. ವಿರೋಧ ಎಷ್ಟು ತೀವ್ರವಾಯಿತೆಂದರೆ ಅದನ್ನು ತಡೆಹಿಡಿಯಬೇಕಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ‘ಅಪಾಯಕಾರಿ’ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಎಷ್ಟು ನಾಯಿ, ಯಾವ ತಳಿ ಎಂಬ ಜಟಾಪಟಿಯಲ್ಲಿ ಲಸಿಕೆಯ ವಿಷಯವೇ ಮರೆತುಹೋಯಿತು. ನಿಮ್ಮ ಊರಿನ ಉಪವಿಧಿಯನ್ನು ಲಸಿಕೆ, ಗುರುತು, ಹೊಣೆ ಈ ಮೂರಕ್ಕೆ ಕಟ್ಟಿ ನಿಲ್ಲಿಸಿ.

ಅರ್ಜಿ ಒಂದೇ ಪುಟದಲ್ಲಿರಲಿ. ಸಾಕಿದವರ ಗುರುತಿನ ಚೀಟಿ, ವಿಳಾಸದ ದಾಖಲೆ, ನಾಯಿಯ ಫೋಟೊ, ತಳಿ, ವಯಸ್ಸು, ಲಿಂಗ, ಪಶುವೈದ್ಯರ ಸಹಿಯಿರುವ ರೇಬಿಸ್ ಲಸಿಕೆ ಪುಸ್ತಕ, ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಪ್ರಮಾಣಪತ್ರ. ಮನೆ ಮಾಲೀಕರ ಒಪ್ಪಿಗೆ ಪತ್ರ ಕೇಳಬೇಡಿ, ಬಾಡಿಗೆದಾರರೆಲ್ಲ ಪಟ್ಟಿಯಿಂದ ಹೊರಗುಳಿಯುತ್ತಾರೆ. ಶಸ್ತ್ರಚಿಕಿತ್ಸೆ ಆದ ನಾಯಿಗೂ ಬೀದಿಯಿಂದ ದತ್ತು ಪಡೆದ ನಾಟಿ ನಾಯಿಗೂ ಶುಲ್ಕ ಇಲ್ಲದಿರಲಿ, ತಳಿ ಬೆಳೆಸುವ ಉದ್ದೇಶದ ನಾಯಿಗೆ ಹೆಚ್ಚಿರಲಿ. ನವೀಕರಣದ ದಿನಾಂಕ ಏಪ್ರಿಲ್ 1 ಎಂದು ಎಲ್ಲರಿಗೂ ಒಂದೇ ಮಾಡುವ ಬದಲು ಆಯಾ ನಾಯಿಯ ಲಸಿಕೆಯ ತಿಂಗಳಿಗೆ ಹೊಂದಿಸಿ. ‘ನಿಮ್ಮ ನಾಯಿಯ ಲಸಿಕೆ ಈ ತಿಂಗಳು ಬಾಕಿ’ ಎಂಬ ಸಂದೇಶ ಮೊಬೈಲಿಗೆ ಹೋದರೆ ಪರವಾನಗಿ ಜನರಿಗೆ ಉಪಯೋಗಕ್ಕೆ ಬಂತು ಎಂದಾಗುತ್ತದೆ.

ಗುರುತಿಗೆ ಕೊರಳಪಟ್ಟಿಯ ಬಿಲ್ಲೆ ಅಗ್ಗದ್ದು, ಆದರೆ ಕಳಚಿ ಬೀಳುತ್ತದೆ. ಮೈಕ್ರೊಚಿಪ್ ಅಕ್ಕಿಕಾಳಿನಷ್ಟು ಚಿಕ್ಕದು, ಚರ್ಮದಡಿ ಚುಚ್ಚುತ್ತಾರೆ, 15 ಅಂಕಿಗಳ ಸಂಖ್ಯೆ ಹೊತ್ತಿರುತ್ತದೆ. ಅದು ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ, ಓದುವ ಯಂತ್ರ ಹತ್ತಿರ ಹಿಡಿದಾಗ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಆದ್ದರಿಂದ ಚಿಪ್ ಕಡ್ಡಾಯ ಮಾಡುವ ಮೊದಲು ಕೇಂದ್ರ, ವ್ಯಾನ್, ಸರ್ಕಾರಿ ಪಶು ಆಸ್ಪತ್ರೆ ಮೂರರಲ್ಲೂ ಓದುವ ಯಂತ್ರ ಇರುವಂತೆ ನೋಡಿಕೊಳ್ಳಿ.

ಮೊದಲ ವರ್ಷ ದಂಡದ ಮಾತು ಬೇಡ. ಭಾನುವಾರಗಳಂದು ವಾರ್ಡಿನ ಸಮುದಾಯ ಭವನದಲ್ಲಿ ಶಿಬಿರ ಇಟ್ಟು, ಅಲ್ಲೇ ಲಸಿಕೆ, ಅಲ್ಲೇ ಅರ್ಜಿ, ಅಲ್ಲೇ ಬಿಲ್ಲೆ ಕೊಡಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆರಂಭಕ್ಕೆ ಒಳ್ಳೆಯ ನೆಪ. ಎರಡನೇ ವರ್ಷದಿಂದ ನೋಟಿಸ್, ಆಮೇಲೆ ದಂಡ. ಸಾಕುಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪ್ರಾಣಿಯನ್ನು ಕೊಂದವರಿಗೆ, ಅಂಗಹೀನ ಮಾಡಿದವರಿಗೆ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ.

ಅಪಾರ್ಟ್‌ಮೆಂಟ್ ಸಂಘಗಳು ತಿಳಿದಿರಬೇಕಾದದ್ದು: ಸಾಕುನಾಯಿಯನ್ನೇ ನಿಷೇಧಿಸುವ ನಿರ್ಣಯ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಸರಪಳಿ ಕಟ್ಟಿಕೊಂಡು ಹೋಗಿ, ಗಲೀಜು ಎತ್ತಿ ಎಂದು ಕೇಳುವುದು ನ್ಯಾಯ. ನಾಯಿ ಸಾಕಿದವರು ಪರವಾನಗಿಯ ಪ್ರತಿಯನ್ನು ಸಂಘಕ್ಕೆ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮರಿ ಮಾರುವವರ ಮೇಲೂ ಕಣ್ಣಿಡಿ. ತಳಿ ಬೆಳೆಸುವವರಿಗೆ 2017ರ, ಸಾಕುಪ್ರಾಣಿ ಅಂಗಡಿಗಳಿಗೆ 2018ರ ಕೇಂದ್ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ನೋಂದಣಿ ಇಲ್ಲದವರಿಗೆ ಪುರಸಭೆ ವ್ಯಾಪಾರ ಪರವಾನಗಿ ಕೊಡಬಾರದು.

ಹಂತ 9: ನಾಯಿ ಅಲ್ಲದ ಪ್ರಾಣಿಗಳು

ಬಿಡಾಡಿ ದನಗಳನ್ನು ದೊಡ್ಡಿಗೆ ಅಥವಾ ಗೋಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಹೆದ್ದಾರಿಗಳಿಂದ ದನಗಳನ್ನು ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟಿನ ನವೆಂಬರ್ 7ರ ಆದೇಶದಲ್ಲೂ ಇದೆ. ಕಿವಿಯೋಲೆಯ ಸಂಖ್ಯೆ ನೋಡಿದರೆ ಒಡೆಯರು ಸಿಗುತ್ತಾರೆ. ದನ, ಎಮ್ಮೆಗಳ ತುರ್ತು ಚಿಕಿತ್ಸೆಗೆ ಪಶುಪಾಲನಾ ಇಲಾಖೆಯ 1962ಕ್ಕೆ ಕರೆ ಮಾಡಿ. ಮಂಗ, ಹಾವು, ಗಾಯಗೊಂಡ ನವಿಲು ಅರಣ್ಯ ಇಲಾಖೆಯ ವ್ಯಾಪ್ತಿ. ನಮ್ಮ ದೇಶದ ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು ಅಪರಾಧ, ಅವಕ್ಕೆ ಪರವಾನಗಿ ಎಂಬುದೇ ಇಲ್ಲ. ಹೊರದೇಶದ ಕೆಲವು ಪಕ್ಷಿ, ಸರೀಸೃಪಗಳನ್ನು 2024ರ ಕೇಂದ್ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸತ್ತ ಸಾಕುಪ್ರಾಣಿಗೂ ಒಂದು ಜಾಗ ಬೇಕು. ಬೆಂಗಳೂರಿನ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಸಣ್ಣ ಊರುಗಳಲ್ಲಿ ಸ್ಮಶಾನದ ಬಳಿ ಒಂದು ತುಂಡು ನೆಲ ಬೇಲಿ ಹಾಕಿ ಕಾದಿರಿಸಿದರೂ ಸಾಕು, ಕೆರೆ ದಂಡೆಯಲ್ಲಿ ಚೀಲ ಎಸೆಯುವುದು ನಿಲ್ಲುತ್ತದೆ.

ಹಂತ 10: ತಿಂಗಳ ಲೆಕ್ಕ ಊರಿಗೆ ಕಾಣಲಿ

ತಿಂಗಳಿಗೆ ಒಂದು ಪುಟ ಸಾಕು. ವಾರ್ಡ್‌ವಾರು ಹಿಡಿದ ನಾಯಿಗಳು, ಶಸ್ತ್ರಚಿಕಿತ್ಸೆ ಆದವು (ಗಂಡು, ಹೆಣ್ಣು ಬೇರೆ ಬೇರೆ), ಹಿಡಿದಲ್ಲಿಗೇ ಬಿಟ್ಟವು, ಕೇಂದ್ರದಲ್ಲಿ ಸತ್ತವು, ಆಶ್ರಯದಲ್ಲಿ ಉಳಿದವು, ಲಸಿಕೆ ಮಾತ್ರ ಹಾಕಿದವು, ಆಸ್ಪತ್ರೆಗೆ ಬಂದ ಕಡಿತಗಳು, ಹೊಸ ಪರವಾನಗಿ, ನವೀಕರಣ, ಖರ್ಚು. ಪುರಸಭೆಯ ಫಲಕದ ಮೇಲೂ ಜಾಲತಾಣದಲ್ಲೂ ಹಾಕಿ.

ಓದುವಾಗ ಮೂರು ಕಡೆ ಗಮನವಿಡಿ. ಹೆಣ್ಣುಗಳ ಸಂಖ್ಯೆ ಗಂಡಿನ ಅರ್ಧಕ್ಕಿಂತ ಕಡಿಮೆಯಿದ್ದರೆ, ಸುಲಭವಾಗಿ ಸಿಗುವ ಗಂಡುಗಳನ್ನಷ್ಟೇ ಹಿಡಿದು ಬಿಲ್ ತುಂಬಿಸುತ್ತಿರಬಹುದು. ಕೇಂದ್ರದಲ್ಲಿ ಸತ್ತ ನಾಯಿಗಳ ಸಾಲಿನಲ್ಲಿ ತಿಂಗಳುಗಟ್ಟಲೆ ಸೊನ್ನೆಯೇ ಇದ್ದರೆ ದಾಖಲೆಯನ್ನು ನಂಬಬೇಡಿ, ಒಂದು ದಿನ ಮುನ್ಸೂಚನೆ ಇಲ್ಲದೆ ಕೇಂದ್ರಕ್ಕೆ ಹೋಗಿ ನೋಡಿ. ಶಸ್ತ್ರಚಿಕಿತ್ಸೆಗಳು ಏರುತ್ತಿದ್ದರೂ ಒಂದು ವಾರ್ಡಿನ ಕಡಿತ ಇಳಿಯದಿದ್ದರೆ ಅಲ್ಲಿನ ಕಸದ ರಾಶಿಯನ್ನು ಹುಡುಕಿ. ಪುಟ ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ: ಸಮಿತಿಯ ನಡಾವಳಿ, ಸಂಸ್ಥೆಯ ಮಾನ್ಯತೆ ಪತ್ರದ ಪ್ರತಿ, ನಾಯಿವಾರು ಹಿಡಿದ ಮತ್ತು ಬಿಟ್ಟ ಜಾಗದ ದಾಖಲೆ, ಪಾವತಿಸಿದ ಬಿಲ್ಲುಗಳು. ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ಓದಿ, ತಾಳೆಯಾಗದ ಸಾಲುಗಳನ್ನು ಗುರುತು ಮಾಡಿ ಮೊದಲು ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ ಕಳುಹಿಸಿ.